ಮಗಳಿಗೆ ‘ಇಯಾಂಥಿ’ ಅಂತ ಹೆಸರಿಟ್ಟರೆ ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಗಳು ಕೃತ್ತಿಕಾ ನಕ್ಷತ್ರ ಎರಡನೇ ಪಾದದಾಗ ಹುಟ್ಟ್ಯಾಳ. ಭಟ್ಟರು ‘ಇ’ ಅಕ್ಷರ ಕೊಟ್ಟಾರ. ಇಂಚರಾ, ಇಶಾ, ಇಂಪನಾ ಅಂದ್ರ ಓಣಿಗೆ ಇಬ್ಬಿಬ್ಬರು ಅದಾರ. ನಮ್ಮ ಮನಿಯವರು ‘ಇಯಾಂಥೆ’ ಅನ್ನೂ ಗ್ರೀಕ್ ಹೆಸರು ಹುಡುಕ್ಯಾರ, ಅರ್ಥ ಹೂವು ಅಂತ. ನನಗೂ ಸೇರೇತಿ. ಅತ್ತಿಯವರು ಮಾತ್ರ ‘ನನ್ನ ಬಾಯಾಗ ಹೊಳ್ಳೂದಿಲ್ಲ, ಕೂಸಿಗೆ ಇಂಥಾ ಹೆಸರು ಯಾಕ’ ಅಂತಾರ. ಅಡ್ಡಹೆಸರು ಅಂಗಡಿ. ಬರೂ ತಿಂಗಳು ತೊಟ್ಟಿಲಿಗೆ ಹಾಕೂದೈತಿ. ನಿಮ್ಮ ಅಭಿಪ್ರಾಯ ಏನು? ಕನ್ನಡದಾಗ, ಇಂಗ್ಲಿಷಿನಾಗ ಹ್ಯಾಂಗ ಬರಸಬೇಕು?
– ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ

ಉತ್ತರ: ಹೆಸರು ಚಲೋ ಇದೆ, ತಾಯಿ. ಧೈರ್ಯವಾಗಿ ಇಡಿ. ಆದರೆ ‘ಇಯಾಂಥೆ’ ಬೇಡ, ‘ಇಯಾಂಥಿ’ ಎಂದಿಡಿ. ನಿಮ್ಮ ಅತ್ತೆಯವರ ತಕರಾರಿಗೆ ಅರ್ಧ ಪರಿಹಾರ ಈ ಒಂದು ಗುಣಿತದಲ್ಲೇ ಸಿಗುತ್ತದೆ. ಹೇಗೆಂದು ಹೇಳುತ್ತೇವೆ.

ಮೊದಲು ಅರ್ಥ. ಗ್ರೀಕಿನ ‘ಇಯೊನ್’ ಎಂದರೆ ವಯೊಲೆಟ್ ಹೂವು, ‘ಆಂಥೊಸ್’ ಎಂದರೆ ಹೂವು. ಎರಡೂ ಕೂಡಿ ‘ನೇರಳೆ ಬಣ್ಣದ ಹೂವು’ ಎಂದಾಗುತ್ತದೆ. ಈ ಎರಡೂ ಬೇರುಗಳು ನಮ್ಮ ಮನೆಗಳಿಗೆ ಹೊಸವಲ್ಲ. ಅಡುಗೆ ಉಪ್ಪಿಗೆ ಸೇರಿಸುವ ಅಯೋಡಿನ್ ಕಾಸಿದಾಗ ನೇರಳೆ ಹೊಗೆ ಬಿಡುತ್ತದೆ. ಅದಕ್ಕೆ ಆ ಹೆಸರು ಬಂದದ್ದು ಇದೇ ‘ಇಯೊನ್’ನಿಂದ. ಸೇವಂತಿಗೆ ಇಂಗ್ಲಿಷಿನವರು ಕ್ರಿಸಾಂಥಿಮಮ್ ಎನ್ನುತ್ತಾರಲ್ಲ, ಅದರೊಳಗಿನ ‘ಆಂಥ’ ಕೂಡ ಇದೇ ‘ಆಂಥೊಸ್’. ಆ ಪದದ ಅರ್ಥ ಬಂಗಾರದ ಹೂವು. ಅತ್ತೆಯವರು ಅರ್ಥ ಕೇಳಿದರೆ ‘ಸೇವಂತಿ ಇದ್ದಂಗ ಇಯಾಂಥಿ, ಇದು ನೇರಳೆ ಬಣ್ಣದ್ದು’ ಎಂದು ಹೇಳಿ. ಪ್ರಾಸವೂ ಕೂಡುತ್ತದೆ, ಮಾತೂ ಸುಳ್ಳಲ್ಲ.

ಇನ್ನು ಉಚ್ಚಾರ. ಹಳೆಯ ಗ್ರೀಕಿನಲ್ಲಿ ಕೊನೆಯ ಸ್ವರ ದೀರ್ಘ ‘ಏ’ಗೆ ಹತ್ತಿರ. ಇಂದಿನ ಗ್ರೀಕರು ಅದನ್ನು ‘ಇ’ ಎಂದೇ ಆಡುತ್ತಾರೆ, ಅಂದರೆ ‘ಇಯಾಂಥಿ’. ಇಂಗ್ಲಿಷಿನವರು ಮೊದಲ ಅಕ್ಷರ ಎಳೆದು ‘ಐಯಾಂಥಿ’ ಎನ್ನುತ್ತಾರೆ. ಹಾಗಾಗಿ ‘ಥಿ’ ಎಂದು ಬರೆಸಿದರೆ ಮೂಲಕ್ಕೆ ಅನ್ಯಾಯವೇನೂ ಆಗುವುದಿಲ್ಲ. ಅದಕ್ಕಿಂತ ಮುಖ್ಯ, ನಮ್ಮ ಕಡೆಯ ನಾಲಿಗೆ ತಾನಾಗಿಯೇ ಅಲ್ಲಿಗೇ ಹೋಗುತ್ತದೆ. ಮನೆಯನ್ನು ಮನಿ, ಎಲೆಯನ್ನು ಎಲಿ, ಅತ್ತೆಯನ್ನು ಅತ್ತಿ ಎನ್ನುವ ಜನ ನಾವು. ನೀವು ‘ಇಯಾಂಥೆ’ ಎಂದು ಎಷ್ಟು ಚಂದ ಬರೆಸಿದರೂ ಓಣಿಯಲ್ಲಿ ಎಂಟು ದಿನಕ್ಕೆ ಅದು ‘ಇಯಾಂಥಿ’ ಆಗಿರುತ್ತದೆ. ಆಡುವುದು ಒಂದು, ಕಾಗದದ ಮೇಲೆ ಇರುವುದು ಇನ್ನೊಂದು ಆದರೆ ಮುಂದೆ ಪ್ರತಿ ಕಚೇರಿಯಲ್ಲೂ ತಿದ್ದುವ ಕೆಲಸ ತಪ್ಪದು.

‘ಥೆ’ ಬೇಡ ಎನ್ನಲು ಬೆಳಗಾವಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ಕಾರಣವೂ ಇದೆ. ಶಿಂಧೆ, ಮೋರೆ, ಕಾಳೆ, ಭೋಸಲೆ – ಎ-ಕಾರದಲ್ಲಿ ಮುಗಿಯುವ ಮರಾಠಿ ಅಡ್ಡಹೆಸರುಗಳು ಈ ಊರ ತುಂಬ ಇವೆ. ಪಟ್ಟಿಯಲ್ಲಿ ‘ಇಯಾಂಥೆ’ ಎಂದು ಕಂಡರೆ ಓದುವವರು ಅದನ್ನೇ ಅಡ್ಡಹೆಸರು ಎಂದು ತಿಳಿದು ಹುಡುಗಿಯ ಹೆಸರು ಎಲ್ಲಿದೆ ಎಂದು ಹುಡುಕುತ್ತಾರೆ. ಇ-ಕಾರಕ್ಕೆ ಬಂದರೆ ಕನ್ನಡ, ಮರಾಠಿ ಎರಡರಲ್ಲೂ ಹೆಣ್ಣುಮಗುವಿನ ಹೆಸರೆಂದು ಕೂಡಲೇ ಹೊಳೆಯುತ್ತದೆ. ಮರಾಠಿ ಬೀಗರಿಗೆ ಆಮಂತ್ರಣ ಅಚ್ಚು ಹಾಕಿಸುವಾಗ ಒಂದು ಮಾತು ನೆನಪಿರಲಿ: ಮರಾಠಿ ಬರವಣಿಗೆಯ ರೂಢಿಯಂತೆ ಪದದ ಕೊನೆಯ ಇ-ಕಾರ ದೀರ್ಘವಾಗುತ್ತದೆ, ‘ಇಯಾಂಥೀ’ ಎಂದು. ಅದು ತಪ್ಪಲ್ಲ. ಆದರೆ ಅದನ್ನು ನೋಡಿ ಕನ್ನಡದಲ್ಲೂ ದೀರ್ಘ ಕೊಡಬೇಡಿ.

ಈ ಹೆಸರಿಗೆ ನಮ್ಮ ಕಿವಿಯಲ್ಲಿ ಅಚ್ಚು ಆಗಲೇ ಸಿದ್ಧವಿದೆ: ಜಯಂತಿ, ದಮಯಂತಿ, ವೈಜಯಂತಿ. ಇದು ಲಾಭವೂ ಹೌದು, ಅಪಾಯವೂ ಹೌದು. ಲಾಭವೆಂದರೆ ‘ದಮಯಂತಿ’ ಎನ್ನಬಲ್ಲ ಅಜ್ಜಿಗೆ ‘ಇಯಾಂಥಿ’ ಕಷ್ಟವಲ್ಲ. ಮಹಾಪ್ರಾಣ ಬಿಟ್ಟು ‘ಇಯಾಂತಿ’ ಎಂದರೂ ಹೆಸರು ಕೆಡುವುದಿಲ್ಲ. ಅಪಾಯವೆಂದರೆ ಕೇಳಿ ಬರೆದುಕೊಳ್ಳುವವರು ‘ಜಯಂತಿ ಇರಬೇಕು’ ಎಂದು ತಾವೇ ತಿದ್ದಿಬಿಡುತ್ತಾರೆ. ಆಸ್ಪತ್ರೆಯ ಚೀಟಿ, ಅಂಗನವಾಡಿಯ ಪುಸ್ತಕ, ಲಸಿಕೆ ಕಾರ್ಡು – ಈ ಮೂರು ಕಡೆ ಹೀಗಾಗುವುದು ಹೆಚ್ಚು, ಯಾಕೆಂದರೆ ಅಲ್ಲಿ ಹೆಸರನ್ನು ಬಾಯಿಂದ ಕೇಳಿ ಬರೆಯುತ್ತಾರೆ. ಬಾಯಲ್ಲಿ ಹೇಳಬೇಡಿ, ಬರೆದ ಚೀಟಿ ಕೊಡಿ.

ಕನ್ನಡ ಬರಹದಲ್ಲಿ ಎಡವುವ ಜಾಗಗಳು ಎರಡು. ‘ಯಾ’ ದೀರ್ಘ ಬಿಟ್ಟು ‘ಇಯಂಥಿ’ ಎಂದಾಗುವುದು ಒಂದು. ಇನ್ನೊಂದು ಥ ಮತ್ತು ಧ ಅದಲು ಬದಲಾಗುವುದು. ಥ ಅಕ್ಷರದ ಹೊಟ್ಟೆಯಲ್ಲಿ ಚುಕ್ಕೆ ಇದೆ, ಧ ಅಕ್ಷರಕ್ಕೆ ಇಲ್ಲ. ಸಣ್ಣ ಅಚ್ಚಿನಲ್ಲಿ, ಅದರಲ್ಲೂ ಮಸುಕಾದ ಜೆರಾಕ್ಸ್ ಪ್ರತಿಯಲ್ಲಿ ಆ ಚುಕ್ಕೆ ಕಾಣಿಸುವುದೇ ಇಲ್ಲ. ‘ಇಯಾಂಧಿ’ ಎಂದು ಟೈಪಾದರೆ ಕಣ್ಣಿಗೆ ಗೊತ್ತಾಗದೆ ದಾಟಿಹೋಗುತ್ತದೆ. ಪ್ರಮಾಣಪತ್ರದ ಕರಡು ತೋರಿಸಿದಾಗ ಈ ಚುಕ್ಕೆಯನ್ನೇ ಹುಡುಕಿ ನೋಡಿ. ನಡುವಿನ ಸೊನ್ನೆಯ ಬಗ್ಗೆ ಚಿಂತೆ ಬೇಡ. ‘ಥ’ ಮುಂದೆ ಬಂದಾಗ ಅನುಸ್ವಾರ ತಾನಾಗಿಯೇ ‘ನ್’ ಆಗುತ್ತದೆ, ಗ್ರೀಕಿನ ಧ್ವನಿಯೂ ಅದೇ.

ಈಗ ಹೆಸರಿನ ದೋಷಗಳನ್ನು ಮುಚ್ಚಿಡದೆ ಹೇಳಬೇಕು. ಮಕ್ಕಳು ಕೂಗುವಾಗ ಮೊದಲ ‘ಇ’ ನುಂಗಿ ‘ಯಾಂತಿ’ ಎನ್ನಬಹುದು, ಅಲ್ಲಿಂದ ‘ವಾಂತಿ’ಗೆ ಒಂದೇ ಅಕ್ಷರ. ಎರಡನೇ ಮೂರನೇ ಇಯತ್ತೆಯ ವಯಸ್ಸಿನ ಮಕ್ಕಳು ಇಂಥದ್ದನ್ನು ಬಿಡುವುದಿಲ್ಲ. ಇಂಗ್ಲಿಷ್ ಮಾತಾಡುವ ಮನೆಗಳಲ್ಲಿ ಹೆಸರನ್ನು ಹಿಂದಿನಿಂದ ತುಂಡು ಮಾಡಿ ‘ಆಂಥಿ’ ಎಂದು ಕರೆಯುವ ರೂಢಿ ಇದೆ. ನಮ್ಮಲ್ಲಿ ಅದು ‘ಆಂಟಿ’ ಆಗುತ್ತದೆ. ಇವೆರಡಕ್ಕೂ ಒಂದೇ ಮದ್ದು: ಕರೆಯುವ ಸಣ್ಣ ಹೆಸರನ್ನು ನೀವೇ ಮೊದಲ ದಿನದಿಂದ ಗಟ್ಟಿ ಮಾಡುವುದು. ‘ಇಯಾ’ ಚೆನ್ನಾಗಿದೆ, ಅದರಲ್ಲಿ ‘ಇ’ ಮೇಲೆ ಒತ್ತು ಬೀಳುತ್ತದೆ, ನುಂಗಿಹೋಗುವುದಿಲ್ಲ. ಅಜ್ಜಿ ಪ್ರೀತಿಯಿಂದ ‘ಇಯವ್ವಾ’ ಎಂದರೆ ಇನ್ನೂ ಚೆನ್ನ. ಮನೆಯವರು ಕರೆದದ್ದನ್ನೇ ಓಣಿ ಕಲಿಯುತ್ತದೆ, ಓಣಿಯ ಹೆಸರೇ ಸಾಲಿಗೂ ಹೋಗುತ್ತದೆ.

ಅಡ್ಡಹೆಸರಿನ ಜೋಡಣೆ. ‘ಇಯಾಂಥಿ ಅಂಗಡಿ’ ಎಂದು ಬೇಗ ಹೇಳಿದರೆ ಇ-ಕಾರಕ್ಕೆ ಅ-ಕಾರ ಬಡಿದು ‘ಇಯಾಂಥ್ಯಂಗಡಿ’ ಎಂಬ ಒಂದೇ ಪದವಾಗುತ್ತದೆ. ಹಾಜರಿ ಕರೆಯುವಾಗ ಇದು ತೊಂದರೆ. ನಮ್ಮ ಭಾಗದಲ್ಲಿ ನಡುವೆ ತಂದೆಯ ಹೆಸರು ಬರೆಯುವ ಪದ್ಧತಿ ಇದೆಯಲ್ಲ, ಅದನ್ನು ಬಿಡಬೇಡಿ. ‘ಇಯಾಂಥಿ ಮಲ್ಲಿಕಾರ್ಜುನ ಅಂಗಡಿ’ ಎನ್ನುವಂತೆ ನಡುವೆ ವ್ಯಂಜನದಿಂದ ಶುರುವಾಗುವ ಹೆಸರು ಬಂದರೆ ಎರಡೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಬೆಲ್ಲದ, ಪಾಟೀಲ, ಹಿರೇಮಠ ಅಡ್ಡಹೆಸರಿನವರಿಗೆ ಈ ತೊಡಕಿಲ್ಲ. ಇಂಗಳಗಿ, ಇಟಗಿ ಮನೆತನದವರಾದರೆ ಮಾತ್ರ ಈ ಹೆಸರು ಬೇಡವೆಂದೇ ಹೇಳುತ್ತಿದ್ದೆವು; ಎರಡು ‘ಇ’ ಕೂಡಿ ಒಂದು ಕಾಣೆಯಾಗುತ್ತದೆ.

ಇಂಗ್ಲಿಷ್ ಸ್ಪೆಲ್ಲಿಂಗಿಗೆ ದಾರಿ ಎರಡು. ಮೂಲದಂತೆ ಐ-ಎ-ಎನ್-ಟಿ-ಎಚ್-ಇ ಎಂದು ಬರೆಸುವುದು, ಇಲ್ಲವೇ ನಮ್ಮ ಓದಿಗೆ ಹೊಂದಿಸಿ ಐ-ವೈ-ಎ-ಎನ್-ಟಿ-ಎಚ್-ಐ ಎಂದು ಬರೆಸುವುದು. ಮೂಲದ ಸ್ಪೆಲ್ಲಿಂಗ್ ನೋಡಲು ಚೊಕ್ಕ, ಹೊರದೇಶದಲ್ಲಿ ಗುರುತು ಹಿಡಿಯುವವರಿದ್ದಾರೆ. ಆದರೆ ಅದರಲ್ಲೊಂದು ಅಚ್ಚಿನ ತೊಡಕಿದೆ. ಕಂಪ್ಯೂಟರಿನ ಎಷ್ಟೋ ಅಕ್ಷರವಿನ್ಯಾಸಗಳಲ್ಲಿ ದೊಡ್ಡ ‘ಐ’ ಮತ್ತು ಸಣ್ಣ ‘ಎಲ್’ ಎರಡೂ ಒಂದೇ ನಿಂತ ಗೆರೆ. ಮೊದಲ ಅಕ್ಷರ ಮಾತ್ರ ದೊಡ್ಡದಾಗಿ ಮುದ್ರಿಸಿದ ಪಟ್ಟಿಯಲ್ಲಿ ಇದನ್ನು ‘ಲಾಂಥೆ’ ಎಂದು ಓದುತ್ತಾರೆ, ಮರುಟೈಪು ಮಾಡುವವರು ‘ಎಲ್’ ಒತ್ತಿಯೇ ಬಿಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿದರೆ ಹೆಸರು ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಸರಿಯಾಗಿಯೇ ಕಾಣುತ್ತಿರುತ್ತದೆ. ‘ವೈ’ ಸೇರಿಸಿದರೆ ಈ ಗೊಂದಲ ಪೂರ್ತಿ ಹೋಗದಿದ್ದರೂ ಓದುವವರು ‘ಇಯಾ’ ಎಂದು ಹಿಡಿಯುವುದು ಸುಲಭ. ಅರ್ಜಿಗಳನ್ನು ಪೂರ್ತಿ ದೊಡ್ಡಕ್ಷರದಲ್ಲಿ ತುಂಬಿದರೆ ತೊಂದರೆಯೇ ಇರುವುದಿಲ್ಲ. ನಮ್ಮ ಸಲಹೆ ‘ವೈ’ ಇರುವ ಸ್ಪೆಲ್ಲಿಂಗ್. ಮುಂದಿನ ಹತ್ತು ಹದಿನೈದು ವರ್ಷ ಈ ಹೆಸರನ್ನು ಓದುವವರು ಬೆಳಗಾವಿಯ ಸಾಲಿ ಮಾಸ್ತರರು, ಬ್ಯಾಂಕಿನವರು, ದವಾಖಾನೆಯವರು. ‘ಟಿ’ ಜೊತೆಗಿನ ‘ಎಚ್’ ತೆಗೆಯಬೇಡಿ. ತೆಗೆದರೆ ‘ಇಯಾಂಟಿ’ ಎಂದು ಓದುತ್ತಾರೆ. ಸಂಖ್ಯಾಶಾಸ್ತ್ರ ನೋಡಿಸಿ ಅಕ್ಷರ ಸೇರಿಸುವ ಮನಸ್ಸಿದ್ದರೆ ಅದನ್ನೂ ಪ್ರಮಾಣಪತ್ರಕ್ಕೆ ಮೊದಲೇ ಮುಗಿಸಿ.

ನಕ್ಷತ್ರದ ಮಾತು. ಕೃತ್ತಿಕೆಯ ನಾಲ್ಕು ಪಾದಗಳಿಗೆ ಪಂಚಾಂಗದಲ್ಲಿ ಅ, ಇ, ಉ, ಎ ಎಂದಿದೆ, ಎರಡನೇ ಪಾದದಿಂದ ವೃಷಭ ರಾಶಿ. ‘ಇಯಾಂಥಿ’ ಸರಿಯಾಗಿ ಹೊಂದುತ್ತದೆ. ಇಂಗ್ಲಿಷಿನವರಂತೆ ‘ಐಯಾಂಥಿ’ ಎಂದು ಕರೆಯಲು ಶುರು ಮಾಡಿದರೆ ಮಾತ್ರ ಭಟ್ಟರು ಕೊಟ್ಟ ಅಕ್ಷರ ಕೈತಪ್ಪುತ್ತದೆ, ಗಮನವಿರಲಿ.

ತೊಟ್ಟಿಲಿಗೆ ಹಾಕುವ ಮೊದಲು ಹೀಗೊಂದು ಪರೀಕ್ಷೆ ಮಾಡಿ. ಹೆಸರನ್ನು ಬರೆದು ತೋರಿಸದೆ ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ, ಊರಲ್ಲಿರುವ ಅಜ್ಜಿ, ಕನ್ನಡ ಸಾಲಿಯ ಒಂದು ಮಗು, ಒಬ್ಬ ಮರಾಠಿ ಗೆಳತಿ – ಈ ಮೂವರಿಗೆ. ಮರುದಿನ ಅವರ ಬಾಯಲ್ಲಿ ಏನು ಉಳಿದಿದೆ ಕೇಳಿ. ‘ಇಯಾಂತಿ’, ‘ಇಯಾಂಥೀ’ ಬಂದರೆ ಹೆಸರು ಗೆದ್ದಿತು. ‘ಜಯಂತಿ’ ಎಂದೇ ಮೂವರೂ ಅಂದರೆ ಇನ್ನೊಮ್ಮೆ ಯೋಚಿಸಿ. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಓಣಿಯ ಆ ತುದಿಗೆ ಕೇಳುವಂತೆ ಕೂಗಿ ನೋಡಿ. ಕೊನೆಯ ಸ್ವರ ಎಳೆಯಲು ಬರುವ ಹೆಸರು ದೂರಕ್ಕೆ ಹೋಗುತ್ತದೆ, ‘ಇಯಾಂಥೀ…’ ಎನ್ನುವುದು ಆ ಲೆಕ್ಕದಲ್ಲಿ ಪಾಸು.

ಅತ್ತೆಯವರನ್ನು ಒಪ್ಪಿಸಲು ನಮ್ಮ ಸಂಪ್ರದಾಯದಲ್ಲೇ ಜಾಗವಿದೆ. ಕೂಸಿನ ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಊದುವಾಗ ಮೊದಲು ಮನೆದೇವರ ಹೆಸರು ಅಥವಾ ಹಿರಿಯರ ಹೆಸರು ಹೇಳಿ, ಆಮೇಲೆ ಕರೆಯುವ ಹೆಸರು ಹೇಳಲಿ. ಯಲ್ಲವ್ವನೋ ಬನಶಂಕರಿಯೋ ನಿಮ್ಮ ಅತ್ತೆಯವರ ಅತ್ತೆಯ ಹೆಸರೋ, ಅದನ್ನು ಆರಿಸುವ ಹಕ್ಕು ಅವರಿಗೇ ಬಿಡಿ. ಗುಗ್ಗರಿ ಹಂಚುವ ಹೊತ್ತಿಗೆ ಬಂದವರಿಗೆ ಹೊಸ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. ಹೇಳಿ ಹೇಳಿಯೇ ನಾಲಿಗೆ ಹೊಳ್ಳುವುದು.

ಪ್ರಶ್ನೆ: ಮೊಮ್ಮಗಳಿಗೆ ಇದೇ ಹೆಸರಿಡುವ ಮಾತು ನಮ್ಮ ಮನೆಯಲ್ಲೂ ನಡೆದಿದೆ. ಇದು ಕ್ರೈಸ್ತರ ಹೆಸರೇ? ಹಿಂದೆ ಕೆಟ್ಟ ಕಥೆ ಏನಾದರೂ ಇದೆಯೇ? ದ್ರೌಪದಿ ಅಂತ ಹೆಸರಿಡಲು ನಮ್ಮವರು ಹಿಂಜರಿಯುತ್ತಾರಲ್ಲ, ಹಾಗೆ.
– ಒಬ್ಬ ಅಜ್ಜ, ನವನಗರ, ಬಾಗಲಕೋಟೆ

ಉತ್ತರ: ಯಜಮಾನರೇ, ಇದು ಕ್ರಿಸ್ತನಿಗಿಂತ ನೂರಾರು ವರ್ಷ ಹಳೆಯ ಹೆಸರು. ಕ್ರಿ.ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯೊಡ್ ಸಾಗರದೇವ ಓಕಿಯಾನೊಸನ ಹೆಣ್ಣುಮಕ್ಕಳ ದೊಡ್ಡ ಪಟ್ಟಿ ಕೊಡುತ್ತಾನೆ. ಅದರಲ್ಲಿ ಇಯಾಂಥೆ ಒಬ್ಬಳು, ಒಂದು ಜಲದೇವತೆ. ಬೆಳೆಯ ದೇವತೆ ಡೆಮೀಟರಳನ್ನು ಕುರಿತ ಹಳೆಯ ಸ್ತೋತ್ರದಲ್ಲೂ ಅವಳು ಬರುತ್ತಾಳೆ, ಡೆಮೀಟರಳ ಮಗಳ ಜೊತೆ ಹುಲ್ಲುಗಾವಲಿನಲ್ಲಿ ಹೂ ಬಿಡಿಸುವ ಗೆಳತಿಯಾಗಿ. ಎರಡು ಕಡೆಯೂ ಅವಳ ಮೇಲೆ ಕಳಂಕವಿಲ್ಲ.

ಕಥೆ ಎಂದು ಪೂರ್ತಿಯಾಗಿ ಸಿಗುವುದು ರೋಮಿನ ಕವಿ ಒವಿಡ್‌ನಲ್ಲಿ. ಕ್ರೀಟ್ ದ್ವೀಪದ ಒಬ್ಬ ಬಡವ ಬಸುರಿ ಹೆಂಡತಿಗೆ ‘ಹೆಣ್ಣು ಹುಟ್ಟಿದರೆ ಉಳಿಸಲಾರೆ’ ಎನ್ನುತ್ತಾನೆ. ಹೆಣ್ಣೇ ಹುಟ್ಟುತ್ತದೆ. ಐಸಿಸ್ ದೇವಿಯ ಅಪ್ಪಣೆಯಂತೆ ತಾಯಿ ಅದನ್ನು ಗಂಡೆಂದು ಹೇಳಿ ಸಾಕುತ್ತಾಳೆ, ಆ ಮಗುವೇ ಇಫಿಸ್. ಇಫಿಸ್‌ಗೆ ಗೊತ್ತಾದ ಕನ್ಯೆ ಇಯಾಂಥೆ. ಮದುವೆಯ ಹಿಂದಿನ ದಿನ ತಾಯಿ ದೇವಿಯ ಗುಡಿಗೆ ಹೋಗಿ ಮೊರೆಯಿಡುತ್ತಾಳೆ, ಇಫಿಸ್ ನಿಜವಾಗಿ ಗಂಡಾಗುತ್ತಾನೆ, ಮದುವೆ ನೆರವೇರುತ್ತದೆ. ಗ್ರೀಕ್ ಕಥೆಗಳಲ್ಲಿ ಸುಖಾಂತ ಕಡಿಮೆ, ಇದು ಅಂಥ ಒಂದು. ಹೆಣ್ಣುಕೂಸು ಬೇಡವೆಂದ ತಂದೆಯ ಮಾತಿನಿಂದ ಶುರುವಾಗಿ ದೇವಿಯ ಕೃಪೆಯಲ್ಲಿ ಮುಗಿಯುವ ಕಥೆ ನಮ್ಮ ಜನಕ್ಕೆ ಅರ್ಥವಾಗದ್ದೇನಲ್ಲ.

ಹಿಂಜರಿಯಬೇಕಾದ ಗ್ರೀಕ್ ಹೆಸರುಗಳು ಬೇರೆ ಇವೆ: ಮಕ್ಕಳನ್ನೇ ಕೊಂದ ಮೆಡಿಯಾ, ನಿಜ ಹೇಳಿದರೂ ಯಾರೂ ನಂಬದ ಶಾಪ ಹೊತ್ತ ಕಸಾಂಡ್ರಾ, ತಂದೆಯೇ ಬಲಿಗೆ ಕರೆದೊಯ್ದ ಇಫಿಜೆನಿಯಾ. ಕೊನೆಯದು ‘ಇ’ ಅಕ್ಷರದ ಹುಡುಕಾಟದಲ್ಲಿ ಎದುರಾಗುತ್ತದೆ, ಎಚ್ಚರ.

ಇಂಗ್ಲೆಂಡಿನಲ್ಲಿ ಈ ಹೆಸರಿಗೆ ಮರುಜೀವ ಬಂದದ್ದು 1810ರ ದಶಕದಲ್ಲಿ, ಕವಿಗಳಿಂದ. ಶೆಲ್ಲಿ 1813ರಲ್ಲಿ ಹುಟ್ಟಿದ ಮಗಳಿಗೆ ಇದನ್ನೇ ಇಟ್ಟ. ಬೈರನ್ 1814ರಲ್ಲಿ ತನ್ನ ಕಾವ್ಯದ ಹೊಸ ಮುದ್ರಣಕ್ಕೆ ‘ಇಯಾಂಥೆಗೆ’ ಎಂಬ ಅರ್ಪಣೆ ಸೇರಿಸಿದ. ಆಕಾಶದಲ್ಲೂ ಒಬ್ಬಳಿದ್ದಾಳೆ: 1868ರಲ್ಲಿ ಪತ್ತೆಯಾದ 98ನೇ ಕ್ಷುದ್ರಗ್ರಹದ ಹೆಸರು ಇಯಾಂಥೆ. ಇಷ್ಟಾದರೂ ಇಂಗ್ಲಿಷಿನಲ್ಲೂ ಇದು ಅಪರೂಪದ ಹೆಸರಾಗಿಯೇ ಉಳಿದಿದೆ.

ಕ್ರೈಸ್ತ ಮನೆಗಳ ಮೂಲಕ ನಮ್ಮಲ್ಲಿಗೆ ಬಂದ ಗ್ರೀಕ್ ಬೇರಿನ ಹೆಸರುಗಳೇ ಬೇರೆ: ಫಿಲೋಮಿನಾ, ಆಗ್ನೆಸ್, ಡೊರೊಥಿ, ಮಾರ್ಗರೆಟ್. ಬೆಳಗಾವಿ ಕ್ಯಾಂಪಿನಲ್ಲಿ, ಖಾನಾಪುರದ ಕಡೆ ಇವು ಎಂದಿನಿಂದಲೂ ಕೇಳಿಬರುತ್ತವೆ. ಯಾರೂ ಇವನ್ನು ಗ್ರೀಕ್ ಎಂದುಕೊಳ್ಳುವುದಿಲ್ಲ, ಅಷ್ಟು ಒಗ್ಗಿಹೋಗಿವೆ.

ಪ್ರಶ್ನೆ: ಗ್ರೀಕಿಗೂ ನಮ್ಮ ನಾಡಿಗೂ ಏನು ಸಂಬಂಧ? ಕನ್ನಡದಲ್ಲಿ ಹೆಸರುಗಳಿಗೆ ಬರವೇ?
– ಒಬ್ಬ ಶಿಕ್ಷಕರು, ಬಾದಾಮಿ

ಉತ್ತರ: ಬರವಿಲ್ಲ ಗುರುಗಳೇ. ಇಂಚರ, ಇಂಪು, ಇಬ್ಬನಿ – ‘ಇ’ ಒಂದಕ್ಕೇ ಕನ್ನಡದಲ್ಲಿ ಎಷ್ಟು ಚೆಲುವಾದ ಪದಗಳಿವೆ. ತೂಗಿನೋಡಿ ಗ್ರೀಕ್ ಹೆಸರನ್ನೇ ಮೆಚ್ಚಿದವರಿಗೆ ಅದನ್ನು ಚಂದವಾಗಿ ನಮ್ಮದು ಮಾಡಿಕೊಳ್ಳುವ ದಾರಿ ತೋರಿಸುವುದಷ್ಟೇ ಇಲ್ಲಿಯ ಕೆಲಸ.

ಸಂಬಂಧ ಕೇಳಿದಿರಿ, ಅದು ನಿಮ್ಮ ಊರಿನಿಂದಲೇ ಶುರು. ಕ್ರಿ.ಶ. 2ನೇ ಶತಮಾನದಲ್ಲಿ ಟಾಲೆಮಿ ಗ್ರೀಕಿನಲ್ಲಿ ಬರೆದ ಭೂಗೋಳದಲ್ಲಿ ‘ಬಡಿಯಮಾಯೊಯ್’ ಎಂಬ ಊರಿದೆ, ವಿದ್ವಾಂಸರು ಅದನ್ನು ಬಾದಾಮಿ ಎಂದು ಗುರುತಿಸುತ್ತಾರೆ. ಅದೇ ಪಟ್ಟಿಯ ‘ಇಂದೆ’ಯನ್ನು ವಿಜಯಪುರ ಜಿಲ್ಲೆಯ ಇಂಡಿ ಎಂದೂ ‘ಪೆಟಿರ್ಗಲ’ವನ್ನು ಪಟ್ಟದಕಲ್ಲು ಎಂದೂ ಹೇಳುತ್ತಾರೆ. ನಮ್ಮ ಊರುಗಳ ಹೆಸರನ್ನು ಗ್ರೀಕರು ತಮ್ಮ ನಾಲಿಗೆಗೆ ಬಂದಂತೆ ತಿರುಗಿಸಿಕೊಂಡರು. ಇಯಾಂಥೆಯನ್ನು ನಾವು ಇಯಾಂಥಿ ಮಾಡಿಕೊಂಡರೆ ನಾಚಿಕೆ ಪಡಬೇಕಾದದ್ದೇನಿದೆ?

ಇನ್ನೊಂದು ಗ್ರೀಕ್ ಹೆಣ್ಣಿನ ಹೆಸರು ಕನ್ನಡದ ಚರ್ಚೆಗೆ ಬಂದು ನೂರು ವರ್ಷ ದಾಟಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ 413ನೇ ಸಂಖ್ಯೆಯಾಗಿ ಪ್ರಕಟವಾದ ಪಪೈರಸ್ ಹಾಳೆಯಲ್ಲಿ ಒಂದು ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಕೊಂಡ ಗ್ರೀಕ್ ಹುಡುಗಿಯೊಬ್ಬಳು ಅದರ ನಾಯಕಿ. ಅದರ ರಾಜ ಮತ್ತು ಪರಿವಾರದವರ ಮಾತಿನಲ್ಲಿ ಕನ್ನಡ ಪದಗಳಿವೆ ಎಂದು ಆರ್. ಶಾಮಶಾಸ್ತ್ರಿಗಳು ವಾದಿಸಿದರು, ಗೋವಿಂದ ಪೈಗಳೂ ಆ ಪಕ್ಷ ಹಿಡಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆ ಹುಡುಗಿಯ ಹೆಸರು ಚಾರಿಷನ್, ಚೆಲುವು ಮತ್ತು ಕೃಪೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಹೆಸರಾಗಿ ಇಡಲು ನಾವು ಹೇಳುವುದಿಲ್ಲ, ಗಂಡೋ ಹೆಣ್ಣೋ ಎಂದು ಇಲ್ಲಿ ತಿಳಿಯದು. ಆದರೆ ತರಗತಿಯಲ್ಲಿ ಹೇಳಲು ಇದಕ್ಕಿಂತ ರುಚಿಯಾದ ವಿಷಯ ಇನ್ನೇನು ಬೇಕು.

ಪ್ರಶ್ನೆ: ಥಾಲಿಯಾ, ಡಾಫ್ನೆ, ಕಲಿಸ್ತಾ, ಇಯೋನೆ – ಈ ನಾಲ್ಕರಲ್ಲಿ ಯಾವುದು ಚಲೋ? ಅಕ್ಷರದ ನಿರ್ಬಂಧ ಇಲ್ಲ.
– ಗಂಡ ಹೆಂಡತಿ ಇಬ್ಬರೂ, ಸಿಂದಗಿ, ವಿಜಯಪುರ ಜಿಲ್ಲೆ

ಉತ್ತರ: ಇಯೋನೆಯನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಅದೂ ವಯೊಲೆಟ್ ಹೂವಿನ ಬೇರಿನದೇ, ಗ್ರೀಕಿನಲ್ಲಿ ಸಮುದ್ರಕನ್ಯೆಯ ಹೆಸರು. ಆದರೆ ಮೊದಲ ಅಕ್ಷರ ನುಂಗಿ, ಕೊನೆಯದನ್ನು ನಮ್ಮ ಕಡೆಯಂತೆ ‘ನಿ’ ಮಾಡಿದರೆ ಏನಾಗುತ್ತದೆ ಎಂದು ನೀವೇ ಮೆಲ್ಲಗೆ ಹೇಳಿ ನೋಡಿ. ಹೆಣ್ಣುಮಗಳು ಸಾಲಿಯಲ್ಲಿ ತಲೆ ಎತ್ತುವಂತಿರುವುದಿಲ್ಲ. ಇಂಥ ಹೆಸರನ್ನು ಅರ್ಥ ನೋಡಿ ಇಡಬಾರದು.

ಕಲಿಸ್ತಾ ಎಂದರೆ ‘ಎಲ್ಲರಿಗಿಂತ ಚೆಲುವೆ’. ನಮ್ಮ ಮಾತಿನಲ್ಲಿ ‘ಮಾಸ್ತರು ಕಲಿಸ್ತಾರ’ ಎಂದಂತೆ ಕೇಳುತ್ತದೆ, ಕ್ರಿಯಾಪದದ ಹಾಗೆ. ಅವಮಾನವೇನಿಲ್ಲ, ಆದರೆ ಹೆಸರೆಂದು ಕಿವಿ ಹಿಡಿಯುವುದಿಲ್ಲ. ಡಾಫ್ನೆ ಲಾರೆಲ್ ಗಿಡದ ಹೆಸರು. ‘ಫ್ನ’ ಒತ್ತಕ್ಷರ ಕನ್ನಡಕ್ಕೆ ಒಗ್ಗದು, ನಡುವೆ ಸ್ವರ ತೂರಿಕೊಂಡು ‘ಡಾಪನಿ’ ಆಗುತ್ತದೆ. ಅಪೊಲೊ ದೇವನಿಂದ ತಪ್ಪಿಸಿಕೊಳ್ಳಲು ಓಡಿ ಓಡಿ ಗಿಡವಾಗಿಹೋದವಳ ಕಥೆ ಅದು, ಎಲ್ಲರಿಗೂ ಹಿಡಿಸುವಂಥದ್ದಲ್ಲ.

ಉಳಿದದ್ದು ಥಾಲಿಯಾ. ಅರಳುವುದು, ತುಂಬಿ ಬೆಳೆಯುವುದು ಎಂಬ ಬೇರಿನಿಂದ ಬಂದ ಹೆಸರು, ಒಂಬತ್ತು ಕಲಾದೇವಿಯರಲ್ಲಿ ಹಾಸ್ಯನಾಟಕದ ಅಧಿದೇವತೆ. ‘ಊಟದ ಥಾಲಿ’ ಎಂದು ಚುಡಾಯಿಸುವವರು ಇರುತ್ತಾರೆ. ‘ತಾಲಿಯಾ’ ಎಂದು ಮಹಾಪ್ರಾಣ ಬಿಟ್ಟೇ ಬರೆಸಿದರೆ ಆ ಮಾತು ಅರ್ಧ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಟಿ-ಎಚ್’ ಇಟ್ಟರೂ ನಮ್ಮಲ್ಲಿ ‘ತ’ ಎಂದೇ ಓದುತ್ತಾರೆ. ನಾಲ್ಕರಲ್ಲಿ ಇದನ್ನು ಆರಿಸಿಕೊಳ್ಳಿ.

ಪ್ರಶ್ನೆ: ಅಕ್ಕನ ಹೆಸರು ಶ್ರಾವಣಿ. ತಂಗಿಗೆ ಇಯಾಂಥಿ ಅಂತಿಟ್ಟರೆ ಜೋ‌ಡಿ ಹೊಂದತೈತೇನ್ರಿ?
– ಜಮಖಂಡಿ

ಉತ್ತರ: ಹೊಂದುತ್ತದೆ. ಎರಡೂ ಮೂರಕ್ಷರ, ಎರಡೂ ಇ-ಕಾರಾಂತ, ನಡುವೆ ಎರಡರಲ್ಲೂ ಒತ್ತು ಬೇರೆ ಬೇರೆ ಇರುವುದರಿಂದ ಕರೆದಾಗ ಒಬ್ಬಳ ಬದಲು ಇನ್ನೊಬ್ಬಳು ಓಡಿ ಬರುವುದಿಲ್ಲ. ಅಕ್ಕ ಜಯಂತಿಯೋ ಸೇವಂತಿಯೋ ಆಗಿದ್ದರೆ ಬೇಡ ಎನ್ನುತ್ತಿದ್ದೆವು.

ಪ್ರಶ್ನೆ: ಹೆರಿಗೆಯಾದ ಆಸ್ಪತ್ರೆಯಲ್ಲಿ ‘ಡಿಸ್ಚಾರ್ಜ್ ಮೊದಲೇ ಹೆಸರು ಹೇಳ್ರಿ, ಆಮೇಲೆ ಆಗೂದಿಲ್ಲ’ ಅಂದರು. ಅವಸರದಲ್ಲಿ ಹೇಳಿದ್ದು ಜನನ ಪ್ರಮಾಣಪತ್ರದಲ್ಲಿ ‘ಇಯಾಂದಿ’ ಎಂದು ಬಂದಿದೆ. ಈಗ ಏನು ಮಾಡುವುದು?
– ಒಬ್ಬ ತಂದೆ, ಗೋಕಾಕ

ಉತ್ತರ: ಮೊದಲು ಇನ್ನುಳಿದ ಓದುಗರಿಗಾಗಿ ಒಂದು ಮಾತು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಆದರೆ ಆಗ ಹೆಸರು ಹೇಳಲೇಬೇಕೆಂದಿಲ್ಲ. ಹೆಸರಿಲ್ಲದೆಯೇ ನೋಂದಣಿಯಾಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅದಾದ ಮೇಲೂ ನಿಗದಿತ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ತೊಟ್ಟಿಲ ಕಾರ್ಯ ಮುಗಿದು, ನಾಲ್ಕು ಜನರ ಬಾಯಲ್ಲಿ ಹೆಸರು ಹದವಾದ ಮೇಲೆ ಬರೆಸುವುದೇ ಒಳ್ಳೆಯದು.

ನಿಮ್ಮ ಸಂಗತಿ ತಿದ್ದುಪಡಿಯದು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ತಪ್ಪಾಗಿ ದಾಖಲಾದದ್ದನ್ನು ಸರಿಪಡಿಸುವ ಅಧಿಕಾರವನ್ನು ನೋಂದಣಾಧಿಕಾರಿಗೆ ಕೊಟ್ಟಿದೆ. ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ದಿನಾಂಕ ಹಾಕುತ್ತಾರೆ. ಅರ್ಜಿಯಲ್ಲಿ ‘ಹೆಸರು ಬದಲಾವಣೆ’ ಎಂದು ಬರೆಯಬೇಡಿ, ‘ಬರವಣಿಗೆಯ ತಪ್ಪಿನ ತಿದ್ದುಪಡಿ’ ಎಂದು ಬರೆಯಿರಿ. ಆ ಕಲಂ ಇರುವುದು ತಪ್ಪು ತಿದ್ದಲು. ಮನಸ್ಸು ಬದಲಾಯಿತು ಎಂದು ಬೇರೆ ಹೆಸರು ಕೇಳಿದರೆ ನಡೆಯದು. ಆಸ್ಪತ್ರೆಯಲ್ಲಿ ತುಂಬಿದ ಮೂಲ ಅರ್ಜಿಯಲ್ಲಿ ಸರಿಯಾಗಿ ‘ಇಯಾಂಥಿ’ ಎಂದಿದ್ದರೆ ಅದರ ಪ್ರತಿ ಕೇಳಿ ಪಡೆದು ಜೊತೆಗಿಡಿ, ಅದೇ ಗಟ್ಟಿ ಪುರಾವೆ. ತಂದೆ ತಾಯಿ ಇಬ್ಬರ ಗುರುತಿನ ಚೀಟಿ, ಈಗಿರುವ ಪ್ರಮಾಣಪತ್ರವೂ ಬೇಕಾಗುತ್ತವೆ. ಎಲ್ಲಿ ನೋಂದಣಿಯಾಗಿದೆಯೋ ಆ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಹೆರಿಗೆ ಬೆಳಗಾವಿಯಲ್ಲಾಗಿದ್ದರೆ ಗೋಕಾಕದಲ್ಲಿ ಕೊಟ್ಟ ಅರ್ಜಿ ಕೆಲಸಕ್ಕೆ ಬಾರದು.

ಇದನ್ನು ಮುಂದೂಡಬೇಡಿ. ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದವರಿಗೆ ಸಾಲಿ ಪ್ರವೇಶ, ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ – ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಈ ಪ್ರಮಾಣಪತ್ರವೇ. ಸಾಲಿಗೆ ಸೇರಿಸಿದ ಮೇಲೆ ತಿದ್ದಿಸಲು ಹೋದರೆ ದಾಖಲಾತಿ ಪುಸ್ತಕ, ಆಧಾರ್ ಎಲ್ಲವನ್ನೂ ಹಿಂದಿನಿಂದ ತಿದ್ದುತ್ತ ಬರಬೇಕು.

ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಬಾಲ ಆಧಾರ್ ಮಾಡಿಸಿ. ಅಲ್ಲಿ ಇಂಗ್ಲಿಷಿನಲ್ಲಿ ಹೆಸರು ಒತ್ತಿದ ಕೂಡಲೇ ಕನ್ನಡ ರೂಪವನ್ನು ಯಂತ್ರವೇ ಊಹಿಸಿ ತುಂಬುತ್ತದೆ. ಇಂಥ ಅಪರೂಪದ ಹೆಸರಿಗೆ ಅದರ ಊಹೆಯನ್ನು ನಂಬುವಂತಿಲ್ಲ. ಕೂಡ್ರಿಸಿಕೊಂಡವರಿಗೆ ‘ಯಾ’ ದೀರ್ಘ, ನಡುವೆ ಸೊನ್ನೆ, ಚುಕ್ಕೆಯ ‘ಥ’, ಕೊನೆಗೆ ಗುಡಿಸು ಎಂದು ಬಿಡಿಸಿ ಹೇಳಿ, ಪರದೆಯ ಮೇಲೆ ಕನ್ನಡ ಸಾಲನ್ನು ಓದಿ ನೋಡಿ, ಆಮೇಲೆ ಸಹಿ ಹಾಕಿ.